ಬುಧವಾರದ ಬಂಗುಡೆ

ಗುರುವಾರ, 12 ಫೆಬ್ರವರಿ 1998

ಬೆಳಿಗ್ಗೆ ಎದ್ದೆ. ಎದ್ದದ್ದೇ ಒಂದು ಆಶ್ಚರ್ಯ. ಕೈಕಾಲು ಆಡಿಸಿದೆ, ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ. ಎಲ್ಲ ನೆಟ್ಟಗಿದೆ.

ನಮ್ಮ ಫೌಂಡ್ರಿಯ ಮೌಲ್ಡಿಂಗ್ ವಿಭಾಗದ ಮುರಳಿ ನಿನ್ನೆ ರಾತ್ರಿ ಸತ್ತ. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದಿರಬಹುದು, ವಾಂತಿ ಶುರುವಾಯಿತು. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಕಂಪನಿ ವ್ಯಾನಿನಲ್ಲಿ ಭದ್ರಾವತಿಯ ಆಸ್ಪತ್ರೆಗೆ ಕಳಿಸಿ, ನಾನು ಎಂದಿನಂತೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದೆ. ಸಂಜೆ ನಮ್ಮ ಫೌಂಡ್ರಿಯ ಯೋಗರಾಜ್ ರವೀಂದ್ರನಗರದ ನಮ್ಮ ಮನೆಗೇ ಬಂದು, "ಮುರುಗೇಶಣ್ಣ, ಅದು ವಿಷವಂತೆ" ಎಂದ. ಇವತ್ತು ಫೌಂಡ್ರಿಯಲ್ಲಿ ಬೇರೆ ಮಾತೇ ಇಲ್ಲ. ಹೆಂಡತಿ ಕಳಿಸಿದ ಊಟದ ಕ್ಯಾರಿಯರಿನಲ್ಲೇ ವಿಷವಿತ್ತಂತೆ.

ಆ ಕ್ಯಾರಿಯರಿನ ಅರ್ಧ ಊಟ ಮಾಡಿದವನು ನಾನು.

ಇಲ್ಲಿ ಬರೆದುಕೊಂಡರೆ ತಪ್ಪಿಲ್ಲ. ಇದನ್ನು ಓದುವವರು ಯಾರೂ ಇಲ್ಲ, ಹೆಂಡತಿ ಪುಷ್ಪಳಿಗೆ ನನ್ನ ಅಕ್ಷರ ಕಂಡರೇ ತಲೆನೋವು. ಸ್ಟೋರ್ ಕೀಪರ್ ಮುರುಗೇಶಪ್ಪ, ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಎರಡು ವರ್ಷದಿಂದ ಬುಧವಾರ ಬುಧವಾರ ಬಂಗುಡೆ ಮೀನಿನ ಸಾರು ತಿನ್ನುತ್ತಿದ್ದಾನೆ. ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಮೇಜು ಬೇಕು, ಮೀನು ಮಾಂಸದ ಬುತ್ತಿ ಒಳಗೆ ಬಿಚ್ಚಕೂಡದು ಎಂದು ಮ್ಯಾನೇಜರಿಗೆ ಅರ್ಜಿ ಕೊಟ್ಟು ಮೊದಲ ಸಹಿ ಹಾಕಿದವನೂ ಇದೇ ಮುರುಗೇಶಪ್ಪ. ಆಮೇಲೆ ಬೇರೆಯವರೆಲ್ಲ ಗೇಟಿನಾಚೆ ಹೋಗಿ ಉಣ್ಣತೊಡಗಿದರು. ಮುರಳಿ ಮಾತ್ರ ಮರದ ಅಚ್ಚುಗಳನ್ನು ಇಡುವ ಪ್ಯಾಟರ್ನ್ ಶೆಡ್ಡಿನ ಹಿಂದೆ, ಹೊಂಗೆ ಮರದ ಕೆಳಗೆ ಕೂರುತ್ತಿದ್ದ. ಒಂದು ದಿನ ಹಳೆಯ ಪ್ಯಾಟರ್ನ್ ಹುಡುಕಿಕೊಂಡು ಅಲ್ಲಿಗೆ ಹೋದೆ. ಆ ವಾಸನೆಗೆ ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಬರೆಯಲಿ. ಅವನು ನನ್ನ ಮುಖ ನೋಡಿ ನಕ್ಕ. "ಒಂದು ತುಣುಕು ನೋಡಿ ಸಾರ್. ನಾನೇನು ಡಂಗೂರ ಹೊಡೀತೀನಾ?" ಎಂದ. ಹೊಡೆಯಲೂ ಇಲ್ಲ.

ನಿನ್ನೆ ಒಂದೇ ಡಬ್ಬಿಯಿಂದ ಇಬ್ಬರೂ ತಿಂದೆವು. ಅವನು ಹೋದ, ನಾನು ಇದ್ದೇನೆ. ನಿಧಾನಕ್ಕೆ ಏರುವ ವಿಷವೂ ಇರುತ್ತದಂತೆ. ನಾಳೆ ಏನಾಗುತ್ತದೋ.

ಶನಿವಾರ, 14 ಫೆಬ್ರವರಿ

ಇನ್ನೂ ಇದ್ದೇನೆ.

ಆ ಹೆಂಗಸನ್ನು ಹಿಡಿದರು. ಹೆಸರು ಶೀಲಾ. ಮುರಳಿಯ ತಾಯಿ ಹುಲಿಗೆಮ್ಮನೇ ದೂರು ಕೊಟ್ಟದ್ದು. ಗಂಡ ಹೆಂಡಿರು ಹಿಂದಿನ ವಾರ ಜಗಳವಾಡಿದ್ದರಂತೆ, ಮನೆ ಹುಡುಕಿದಾಗ ಮಂಚದ ಕೆಳಗೆ ತಿಗಣೆ ಔಷಧಿಯ ಬಾಟಲಿ ಸಿಕ್ಕಿತಂತೆ. ಪೇಪರಿನಲ್ಲಿ "ಗಂಡನಿಗೆ ವಿಷದೂಟ ಬಡಿಸಿದ ಪತ್ನಿ" ಎಂದು ದಪ್ಪಕ್ಷರದಲ್ಲಿ ಬಂದಿದೆ, ಪಕ್ಕದಲ್ಲಿ ಅವಳ ಮದುವೆ ಫೋಟೊ. ಬಸ್ಸಿನಲ್ಲಿ ಯೋಗರಾಜ್ ಎದ್ದು ನಿಂತು ಗಟ್ಟಿಯಾಗಿ ಓದಿದ. ಹಿಂದಿನ ಸೀಟಿನ ಮುದುಕನೊಬ್ಬ, "ಕಣ್ಣು ನೋಡಿ ಸ್ವಾಮಿ, ಹಾಕಿದೋಳ ಕಣ್ಣೇ ಅದು" ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು.

ಆದರೆ ಫೋಟೊ ನೋಡಿದರೆ ನನಗೂ ಹಾಗೇ ಅನ್ನಿಸಿತು. ಮದುವೆಯ ದಿನ ಯಾವ ಹುಡುಗಿ ಹಾಗೆ ಕ್ಯಾಮೆರಾವನ್ನು ದಿಟ್ಟಿಸುತ್ತಾಳೆ?

ಶುಕ್ರವಾರ, 20 ಫೆಬ್ರವರಿ

ಪೊಲೀಸರು ಫೌಂಡ್ರಿಗೆ ಬಂದಿದ್ದರು. ಮುರಳಿಯ ಜೊತೆ ಯಾರು ಊಟಕ್ಕೆ ಕೂತಿದ್ದರು ಎಂದು ಕೇಳಿದರು. ಯೋಗರಾಜ್, "ಒಬ್ಬನೇ ಸಾರ್. ಯಾವಾಗಲೂ ಒಬ್ಬನೇ" ಎಂದ. ಕ್ಯಾರಿಯರನ್ನು ಅವತ್ತೇ ಗುಡಿಸುವವಳು ತೊಳೆದಿಟ್ಟಿದ್ದಳು, ಅದನ್ನೇ ಬಟ್ಟೆಯಲ್ಲಿ ಸುತ್ತಿ ಸೀಲು ಹಾಕಿಕೊಂಡು ಹೋದರು. ನನ್ನನ್ನು ಕೇಳಿದ್ದು ಕುರ್ಚಿ ಇದೆಯಾ ಅಂತ ಮಾತ್ರ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದರಲ್ಲಿ ಸುಳ್ಳೆಲ್ಲಿ ಬಂತು?

ಬುಧವಾರ, 25 ಫೆಬ್ರವರಿ. ಶಿವರಾತ್ರಿ

ಉಪವಾಸ. ಅವ್ವ ಬೆಳಿಗ್ಗೆಯೇ ಲಿಂಗಪೂಜೆ ಮುಗಿಸಿ ನನ್ನ ಹಣೆಗೆ ತಾನೇ ವಿಭೂತಿ ಹಚ್ಚಿದಳು. ಎಪ್ಪತ್ತೆರಡು ವರ್ಷದಲ್ಲಿ ಪೂಜೆ ಮುಗಿಯದೆ ನೀರು ಮುಟ್ಟಿದವಳಲ್ಲ ಮಹಾಂತಮ್ಮ, ಅವಳ ಮಗ ನಾನು. ಅವಳ ಬೆರಳು ಹಣೆಗೆ ತಾಗಿದಾಗ ಎಲ್ಲಿಯಾದರೂ ಓಡಿಹೋಗೋಣ ಅನ್ನಿಸಿತು.

ಯೋಚನೆ ಮಾಡಿ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಆ ಹೆಂಗಸು ಮೀನಿಗೆ ಹಾಕಿಲ್ಲ, ಬೇರೆ ಯಾವುದಕ್ಕೋ ಹಾಕಿದ್ದಾಳೆ. ನಾನು ಅವನ ನೀರಿನ ಬಾಟಲಿ ಮುಟ್ಟಿರಲಿಲ್ಲ. ಅವನೂ ಕೊಳಾಯಿ ನೀರನ್ನೇ ಕುಡಿದಂತೆ ನೆನಪು, ಆದರೆ ನೆನಪನ್ನು ನಂಬುವುದು ಹೇಗೆ? ಅಂತೂ ವಿಷ ಹಾಕಿದ್ದು ನಿಜ, ನಾನು ಬದುಕಿದ್ದೂ ನಿಜ. ನಾನು ಬಾಯಿ ಬಿಟ್ಟರೆ ಕೇಸು ಕೆಡುತ್ತದೆ, ಕೊಲೆ ಮಾಡಿದವಳು ಪಾರಾಗುತ್ತಾಳೆ. ಸುಮ್ಮನಿರುವುದೇ ನ್ಯಾಯ.

ನಮ್ಮ ಮಂಚದ ಹಿಂದೆಯೂ ತಿಗಣೆ ಔಷಧಿಯ ಬಾಟಲಿ ಇತ್ತು. ಪೇಪರಿನಲ್ಲಿ ಮುಚ್ಚಿಕೊಂಡು ಹೋಗಿ ಮೋರಿಗೆ ಎಸೆದೆ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರೋ ಏನೋ.

ಶುಕ್ರವಾರ, 19 ಜೂನ್

ಬೆಂಗಳೂರಿನಿಂದ ಪರೀಕ್ಷೆಯ ವರದಿ ಬಂತಂತೆ. ಮುರಳಿಯ ಹೊಟ್ಟೆಯಲ್ಲಿ ಇದ್ದದ್ದು ಕೀಟನಾಶಕವೇ. "ನಾನು ಹೇಳಿರ್ಲಿಲ್ವಾ ಮುರುಗೇಶಣ್ಣ?" ಎಂದ ಯೋಗರಾಜ್. ಅವನು ಹೇಳಿದ್ದನ್ನು ಭದ್ರಾವತಿಯಲ್ಲಿ ಹೇಳದವರು ಯಾರು? ಆ ಹೆಂಗಸಿಗೆ ಜಾಮೀನು ಸಿಕ್ಕಿಲ್ಲ. ಅವಳ ಪರವಾಗಿ ನಿಲ್ಲಲು ವಕೀಲರೊಬ್ಬರೂ ಒಪ್ಪುತ್ತಿಲ್ಲವಂತೆ, ಒಪ್ಪಿದರೆ ಬೇರೆ ಕಕ್ಷಿದಾರರು ಬಿಟ್ಟುಹೋಗುತ್ತಾರೆ ಎಂಬ ಹೆದರಿಕೆ. ಕೊನೆಗೆ ಸರ್ಕಾರವೇ ಒಬ್ಬ ಹುಡುಗ ವಕೀಲನನ್ನು ಕೊಟ್ಟಿದೆ.

ವರದಿ ಬಂದದ್ದು ಒಳ್ಳೆಯದೇ ಆಯಿತು. ನಾನು ಅಂದುಕೊಂಡದ್ದು ಸರಿ.

ಬುಧವಾರ ಮಧ್ಯಾಹ್ನ ಶೆಡ್ಡಿನ ಹಿಂದಕ್ಕೆ ಕಾಲು ತಾನಾಗಿ ಹೋಯಿತು. ಅಲ್ಲೇನಿದೆ, ಒಣಗಿದ ಹೊಂಗೆ ಎಲೆ. ವಾಪಸ್ ಬಂದು ಕ್ಯಾಂಟೀನಿನ ನಮ್ಮ ಮೇಜಿನಲ್ಲಿ ಚಿತ್ರಾನ್ನ ತಿಂದೆ.

ಬುಧವಾರ, 16 ಜೂನ್ 1999

ಒಂದು ವರ್ಷ ಈ ಡೈರಿ ಮುಟ್ಟಿರಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ನಿದ್ದೆ ಬರುವುದಿಲ್ಲ ಎಂದು ದಿನಾ ಬರೆಯುವುದಕ್ಕೆ ಆಗುತ್ತದೆಯೇ?

ಇವತ್ತು ಶಿವಮೊಗ್ಗದ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಹಲ್ಲುನೋವು ಎಂದು ರಜೆ ಹಾಕಿ ಹೋಗಿದ್ದೆ. ಜನವೋ ಜನ. ಭಾನುವಾರ ತ್ಯಾವರೆಕೊಪ್ಪಕ್ಕೆ ಹುಲಿ ನೋಡಲು ಬರುವವರಂತೆ ಮಕ್ಕಳನ್ನು ಎತ್ತಿಕೊಂಡು ಬಂದಿದ್ದಾರೆ. ಗೇಟಿನ ಹತ್ತಿರ ಮಂಡಕ್ಕಿಯವನಿಗೆ ಕೈ ಬಿಡುವಿಲ್ಲ. ವ್ಯಾನಿನಿಂದ ಅವಳನ್ನು ಇಳಿಸಿದಾಗ, "ಏಯ್, ಇವತ್ತು ಏನಡಿಗೆ?" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆನೋ ಏನೋ, ಬಾಯಿ ತೆರೆದಿತ್ತು.

ಫೋಟೊದಲ್ಲಿ ಇದ್ದ ಕಣ್ಣು ಅಲ್ಲ ಅದು. ಸಣ್ಣಗಾಗಿದ್ದಾಳೆ.

ಬುಧವಾರ, 30 ಜೂನ್

ಹುಲಿಗೆಮ್ಮನ ಸಾಕ್ಷಿ. ಎದೆ ಬಡಿದುಕೊಂಡು ಅತ್ತಳು. "ನನ್ನ ಮಗನ್ನ ತಿಂದ್ಕೊಂಡ್ಳು ಸ್ವಾಮಿ" ಎಂದಾಗ ನನ್ನ ಪಕ್ಕದಲ್ಲಿ ಕೂತವರೂ ಅತ್ತರು. ಆಮೇಲೆ ಆ ಹುಡುಗ ವಕೀಲ ಎದ್ದ. ಹೆಸರು ಉಮಾಮಹೇಶ್ವರ. ಕೋಟು ಯಾರದ್ದೋ ಎರವಲು ತಂದಂತಿದೆ, ತೋಳು ಉದ್ದ. ಆದರೆ ಮಾತು ಮೆತ್ತಗೆ.

"ಅಮ್ಮ, ಜಗಳ ಯಾಕಾಗಿತ್ತು?"

"ತವರಿಗೆ ಹೋಗ್ತೀನಿ ಅಂತ ಕುಣೀತಿದ್ಳು. ಇವನು ಬೇಡ ಅಂದ."

"ಆಮೇಲೆ?"

"ಆಮೇಲೇನು, ಸಂಜೆ ಸಿನಿಮಾಕ್ಕೆ ಹೋದ್ರು."

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಪೇಪರಿನಲ್ಲಿ ನಾಳೆ ಜಗಳ ಬರುತ್ತದೆ, ಸಿನಿಮಾ ಬರುವುದಿಲ್ಲ, ಪಂದ್ಯ ಕಟ್ಟುತ್ತೇನೆ.

ಗುರುವಾರ, 1 ಜುಲೈ

ಬರಲಿಲ್ಲ.

ಬುಧವಾರ, 14 ಜುಲೈ

ಯೋಗರಾಜನ ಸಾಕ್ಷಿ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಬಂದಿದ್ದ. "ಮುರಳಿ ಒಬ್ಬನೇ ಕೂತು ತಿಂದ, ನಾನು ಗೇಟಿನಿಂದ ನೋಡಿದೆ" ಎಂದ. ಗೇಟಿನಿಂದ ಶೆಡ್ಡಿನ ಹಿಂಭಾಗ ಕಾಣುವುದೇ ಇಲ್ಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಅವನು. ಹೇಳಿ ಹೇಳಿ ಅವನಿಗೇ ಕಂಡಂತೆ ಆಗಿಬಿಟ್ಟಿದೆ.

ವಕೀಲ ಕೇಳಿದ. "ಬುಧವಾರದ ದಿನ ಮುರಳಿ ಇಬ್ಬರಿಗಾಗುವಷ್ಟು ಊಟ ತರಿಸ್ತಿದ್ದ ಅಂತ ಆತನ ಹೆಂಡತಿ ಹೇಳ್ತಾರೆ. ಇನ್ನೊಬ್ಬರು ಯಾರು?"

ಯೋಗರಾಜ್ ಹಲ್ಲು ಕಿರಿದ. "ಅಂಥೋರು ಯಾರೂ ಇಲ್ಲ ಸಾರ್. ನಾವು ಹದಿನೈದು ವರ್ಷದಿಂದ ಅಲ್ಲಿದೀವಿ."

ನಾನು ಹಿಂದಿನ ಬೆಂಚಿನಲ್ಲಿ ಇದ್ದೆ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳಬಾರದು ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಅವಳು ಕಟಕಟೆಯಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದಳು. ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದಳು. ಅಂದರೆ ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಸುಮ್ಮನಿದ್ದಾಳೆ, ಸಮಯ ನೋಡಿ ಹೇಳುತ್ತಾಳೆ.

ಭಾನುವಾರ, 18 ಜುಲೈ

ಪುಷ್ಪಳನ್ನು ಕರೆದುಕೊಂಡು ಗಾಂಧಿ ಬಜಾರಿಗೆ ಹೋಗಿದ್ದೆ. ಅಲ್ಲೂ ಅದೇ. ಸೀರೆ ಬಿಚ್ಚುತ್ತ ಬಿಚ್ಚುತ್ತ ಅಂಗಡಿಯವನು, "ಆ ಎರಡನೇ ಬಾಯಿ ಸಿಕ್ತಾ ಅಣ್ಣಾ?" ಎಂದು ಎದುರಂಗಡಿಯವನನ್ನು ಕೇಳಿದ. ಊರಿಗೆ ಹೊಸ ತಮಾಷೆ ಇದು. ಯಾರಾದರೂ ಒಂದು ವಡೆ ಜಾಸ್ತಿ ತಿಂದರೆ ಎರಡನೇ ಬಾಯಿ. ಎದುರಿನವನು, "ಸಿಗ್ತಾನೆ ಬಿಡು ಮಾರಾಯ. ಊಟ ಮಾಡೋಕೆ ಬರ್ತಿದ್ನೋ ಅಡುಗೆ ಮಾಡ್ದೋಳ ಹತ್ರ ಬರ್ತಿದ್ನೋ, ಯಾರಿಗ್ಗೊತ್ತು?" ಎಂದ. ಪುಷ್ಪ ಸೀರೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು.

ಸೀರೆ ಕೊಳ್ಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದಳು.

"ರೀ, ಆ ಹೆಂಗಸು ನಿಮಗೆ ಮೊದಲೇ ಗೊತ್ತಾ?"

"ಯಾವ ಹೆಂಗಸು?"

"ನಾಟಕ ಬೇಡ. ಹಲ್ಲುನೋವು ಅಂತ ರಜೆ ಹಾಕಿ ಕೋರ್ಟಿಗೆ ಹೋಗ್ತಿದೀರಂತೆ. ಯೋಗರಾಜಣ್ಣ ಹೇಳಿದ್ರು. ನಿದ್ದೇಲಿ ಮುರಳಿ ಮುರಳಿ ಅಂತೀರಿ. ನನ್ನನ್ನ ಏನಂದ್ಕೊಂಡಿದೀರಿ?"

ನಕ್ಕುಬಿಡೋಣ ಅನ್ನಿಸಿತು. ಮೀನು ತಿಂದೆ ಎಂದು ಹೇಳುವುದಕ್ಕಿಂತ, ಹೌದು, ಗೊತ್ತು ಎಂದು ಹೇಳುವುದೇ ಸುಲಭವಿತ್ತು. ಅವ್ವ ಒಳಗಿನ ಕೋಣೆಯಲ್ಲಿ ಇದ್ದಳು. ಅವಳ ಜಪದ ಪಿಸುಮಾತು ನಿಂತಿತ್ತು.

ಈ ಯೋಗರಾಜ್ ನನ್ನ ಹಿಂದೆ ಯಾಕೆ ಬಿದ್ದಿದ್ದಾನೆ? ಊಟದ ಮೇಲೆ ಮುರಳಿಯ ಜೊತೆ ಟೀ ಕುಡಿಯುತ್ತಿದ್ದವನು ಅವನೇ ಅಲ್ಲವೇ? ಅವತ್ತು ಟೀ ಯಾರು ತಂದರು?

ಬುಧವಾರ, 4 ಆಗಸ್ಟ್

ವಕೀಲ ಉಮಾಮಹೇಶ್ವರ ಹಳೆಯ ಸ್ಕೂಟರಿನಲ್ಲಿ ಭದ್ರಾವತಿಗೆ ಬಂದು ಫೌಂಡ್ರಿಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದ. ಸ್ಟೋರಿಗೂ ಬಂದ. ನಾನು ಬೋಲ್ಟುಗಳನ್ನು ಎಣಿಸುತ್ತಿರುವಂತೆ ತಲೆ ಬಗ್ಗಿಸಿದ್ದೆ.

"ಆಕೆಗೂ ಹೆಸರು ಗೊತ್ತಿಲ್ಲ ಮುರುಗೇಶಪ್ಪನವರೇ. ಇಬ್ಬರಿಗೆ ಹಾಕು ಅಂತಿದ್ನಂತೆ. ಯಾರಿಗೆ ಅಂದ್ರೆ, ಅವರು ಮರ್ಯಾದಸ್ಥರು, ಹೆಸರು ಕೇಳ್ಬೇಡ ಅಂದಿದ್ನಂತೆ."

ನನಗೆ ಗೊತ್ತಿಲ್ಲ ಎಂದೆ.

"ಹಾಗಾದ್ರೆ ಅವನು ಹೇಗೆ ಸತ್ತ?" ಎಂದೂ ಕೇಳಿದೆ. ಕೇಳಬಾರದಿತ್ತು.

"ಅದು ನನಗೂ ಗೊತ್ತಿಲ್ಲ ಸಾರ್. ಊಟದಿಂದಲೇ ಸತ್ತ ಅಂತ ಅವರು ತೋರಿಸ್ಬೇಕು. ತೋರಿಸೋಕೆ ಆಗದಿದ್ರೆ ಆಕೆನ ಬಿಡ್ಬೇಕು. ಇಷ್ಟೇ ಇರೋದು. ಇಷ್ಟನ್ನ ನಮ್ಮ ಮನೇಲೇ ನನ್ನ ತಾಯಿ ಒಪ್ಪಲ್ಲ" ಎಂದು ನಕ್ಕು ಹೋದ.

ಮರ್ಯಾದಸ್ಥರು ಎಂದಿದ್ದನಂತೆ. ಮುರಳಿ ಹೆಂಡತಿಯ ಹತ್ತಿರವೂ ನನ್ನ ಹೆಸರು ಬಿಟ್ಟುಕೊಡಲಿಲ್ಲ.

ಬುಧವಾರ, 18 ಆಗಸ್ಟ್

ಕೇಸಿನ ತನಿಖೆ ಮಾಡಿದ ಇನ್ಸ್‌ಪೆಕ್ಟರರ ಸಾಕ್ಷಿ. ಊಟವಾದ ಮೇಲೆ ವಾಂತಿಯಾಗುವವರೆಗೆ ಮುರಳಿ ಎಲ್ಲಿ ಹೋಗಿದ್ದ, ಏನು ಕುಡಿದ, ವಿಚಾರಿಸಿದಿರಾ ಎಂದು ವಕೀಲ ಕೇಳಿದ. "ಅಗತ್ಯ ಕಂಡುಬರಲಿಲ್ಲ" ಎಂದರು. ಜೊತೆಗೆ ಉಂಡ ಇನ್ನೊಬ್ಬನನ್ನು ಹುಡುಕಿದಿರಾ?

"ಇದ್ದಿದ್ರೆ ಅವನೂ ಸಾಯ್ತಿದ್ದ. ಬದುಕಿದ್ರೆ ತಾನಾಗೇ ಬಂದು ಹೇಳ್ತಿದ್ದ. ಒಂದು ಹೆಣ್ಣುಮಗಳು ಜೈಲಲ್ಲಿ ಕೊಳೀತಿರುವಾಗ ಬಾಯಿ ಮುಚ್ಕೊಂಡು ಕೂರೋ ಮನುಷ್ಯ ಎಲ್ಲಾದ್ರೂ ಇರ್ತಾನಾ ಸ್ವಾಮಿ?"

ಕೋರ್ಟಿನಲ್ಲಿ ಎಲ್ಲರೂ ತಲೆದೂಗಿದರು. ನ್ಯಾಯಾಧೀಶರೂ ಬರೆದುಕೊಂಡರು. ಅಂಥ ಮನುಷ್ಯ ಇರಲು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ಖಾತ್ರಿ. ಇಷ್ಟು ದಿನ ನಾನು ಬಾಯಿ ಬಿಟ್ಟರೆ ಕೇಸು ಕೆಡುತ್ತದೆ ಅಂದುಕೊಂಡಿದ್ದೆ. ನಾನು ಇಲ್ಲ ಅನ್ನುವುದರ ಮೇಲೆಯೇ ಕೇಸು ನಿಂತಿದೆ. ಆ ಹುಡುಗಿಯ ವಿರುದ್ಧ ಇರುವ ದೊಡ್ಡ ಸಾಕ್ಷಿ ನಾನೇ.

ಹೊರಗೆ ಬಂದು ಮಂಡಕ್ಕಿ ಕೊಂಡೆ. ತಿನ್ನಲಾಗಲಿಲ್ಲ. ಅಲ್ಲಿಂದ ಸೀದಾ ಉಮಾಮಹೇಶ್ವರನ ಆಫೀಸಿಗೆ ನಡೆದೆ. ಹೇಳಿದೆ. ಅವನು ಪೆನ್ನು ಮುಚ್ಚಿಟ್ಟ. "ಕಾಫಿ ತರಿಸ್ಲಾ ಸಾರ್?" ಎಂದು ಮಾತ್ರ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ, 8 ಸೆಪ್ಟೆಂಬರ್

ಸಾಕ್ಷಿ ಹೇಳಿದೆ. ಮಾನ ಹೋಯಿತು, ಕೆಲಸವೂ ಆಗಲಿಲ್ಲ.

"ಆ ದಿನ ಅದೇ ಡಬ್ಬಿಯಿಂದ ನಾನೂ ಮೀನು ತಿಂದೆ, ನನಗೆ ಏನೂ ಆಗಲಿಲ್ಲ" ಎಂದು ಗಟ್ಟಿಯಾಗಿಯೇ ಹೇಳಿದೆ. ಸರ್ಕಾರಿ ವಕೀಲರು ಪಾಟೀಸವಾಲಿಗೆ ಎದ್ದರು. ನನ್ನ ಹಣೆ ನೋಡಿದರು, ಕೊರಳು ನೋಡಿದರು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮೆಲ್ಲಗೆ ಶುರು ಮಾಡಿದರು.

"ಕ್ಯಾಂಟೀನಿನಲ್ಲಿ ಮೀನು ಮಾಂಸ ಬೇಡ ಅಂತ ಅರ್ಜಿ ಕೊಟ್ಟ ಮುರುಗೇಶಪ್ಪ ನೀವೇನಾ?"

"ಹೌದು."

"ಬೇರೆಯೋರು ತಿಂದ್ರೆ ವಾಸನೆ, ನೀವು ತಿಂದ್ರೆ ಇಲ್ವಾ?"

ಕೋರ್ಟು ಹೋ ಎಂದು ನಕ್ಕಿತು. ನ್ಯಾಯಾಧೀಶರು ಮೇಜು ಕುಟ್ಟಬೇಕಾಯಿತು.

"ನೀವು ಮೀನು ತಿನ್ನೋದನ್ನ ಕಂಡೋರು ಯಾರಾದ್ರೂ ಇದ್ದಾರಾ?"

"ಮುರಳಿ."

"ಸತ್ತೋರು ಬಿಟ್ಟು."

ಇಲ್ಲ ಎಂದೆ.

"ಒಂದೂವರೆ ವರ್ಷ ಎಲ್ಲಿದ್ರಿ? ಎಲ್ಲಾ ವಿಚಾರಣೆಗೂ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂರ್ತಿದ್ರಲ್ಲ, ಯಾರನ್ನ ನೋಡೋಕೆ? ಆರೋಪಿಗೂ ನಿಮಗೂ ಏನು ಸಂಬಂಧ?"

ಏನೂ ಇಲ್ಲ ಎಂದೆ. ನನ್ನ ಧ್ವನಿ ನನಗೇ ಸುಳ್ಳೆನಿಸಿತು. ಇಪ್ಪತ್ತು ವರ್ಷ ಕಟ್ಟಿ ನಿಲ್ಲಿಸಿದ ಮಡಿವಂತ ಮುರುಗೇಶಪ್ಪನೇ ಎದ್ದು ಬಂದು ನನ್ನ ಬಾಯಿ ಹೊಡೆದ. ಶೀಲಾ ಮಾತ್ರ ನಗಲಿಲ್ಲ. ಕಟಕಟೆಯ ಕಂಬಿಯನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಶುಕ್ರವಾರ, 10 ಸೆಪ್ಟೆಂಬರ್

ಪೇಪರಿನಲ್ಲಿ ಹೀಗಿದೆ: "ಎರಡನೇ ಬಾಯಿ ಪತ್ತೆ! ಪ್ರಿಯಕರನೇ ಸಾಕ್ಷಿ?" ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಂಡಿದ್ದಾರೆ. ನನ್ನ ಮದುವೆ ಫೋಟೊ ಎಲ್ಲಿ ಸಿಕ್ಕಿತೋ. ಅದರಲ್ಲಿ ನಾನೂ ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದೇನೆ.

ಪುಷ್ಪ ತಟ್ಟೆ ಇಟ್ಟು ಗೋಡೆಯ ಕಡೆ ತಿರುಗಿ ಕೂತಳು. "ಮೀನಿನ ಕಥೆ ಕಟ್ಟಿ ಅವಳನ್ನ ಬಿಡಿಸ್ಕೊಳ್ಳೋಕೆ ನೋಡ್ತಿದೀರಿ. ಲಿಂಗ ಕಟ್ಟಿದೋರು ಮೀನು ತಿಂದೆ ಅನ್ಬೇಕಾದ್ರೆ ಅವಳ ಮೇಲೆ ಎಷ್ಟು ಆಸೆ ಇರ್ಬೇಕು!" ಎಂದಳು.

ಅವ್ವ ನನ್ನ ಹತ್ತಿರ ಮಾತಾಡಿಲ್ಲ. ಸಂಜೆ ಪುಷ್ಪಳನ್ನು ಕರೆದು, "ಆ ವಕೀಲನ ಫೋನ್ ನಂಬರ್ ಎಲ್ಲಿದೆ ನೋಡು" ಎಂದಳಂತೆ. ಮನೆ ಬಿಟ್ಟು ಮಠಕ್ಕೆ ಹೋಗುತ್ತಾಳೋ ಏನೋ. ವಕೀಲ ಯಾಕೆ ಹಾಗಾದರೆ?

ಬುಧವಾರ, 22 ಸೆಪ್ಟೆಂಬರ್

ಹೇಗೆ ಬರೆಯಲಿ. ಇವತ್ತು ಅವ್ವ ಕಟಕಟೆ ಹತ್ತಿದಳು.

ಆಟೊದಲ್ಲಿ ಕೂತಾಗಲೂ ಯಾಕೆಂದು ಹೇಳಿರಲಿಲ್ಲ. ಕುರ್ಚಿ ಕೊಡಿ ಎಂದು ನ್ಯಾಯಾಧೀಶರು ಹೇಳಿದರು, ಕೂರಲಿಲ್ಲ. ಸೆರಗು ತಲೆಗೆ ಹೊದ್ದುಕೊಂಡು ನಿಂತಳು.

"ನಿಮ್ಮ ಮಗ ಮೀನು ತಿಂತಾರಾ ಅಮ್ಮ?" ಎಂದು ಉಮಾಮಹೇಶ್ವರ ಕೇಳಿದ.

"ತಿಂತಾನೆ. ಮಿಕ್ಕ ದಿನ ಕೆಲಸದಿಂದ ಬಂದ ಕೂಡ್ಲೇ ನನ್ನ ಪಕ್ಕ ಕೂತು ಕಾಲು ಒತ್ತೋನು. ಬುಧವಾರ ದೂರ ನಿಂತು ಮಾತಾಡೋನು. ಹೆತ್ತೋಳಿಗೆ ವಾಸನೆ ಗೊತ್ತಾಗಲ್ವಾ ಸ್ವಾಮಿ?"

ಸರ್ಕಾರಿ ವಕೀಲರು ಎದ್ದರು. ಮಗನನ್ನು ಉಳಿಸಲು ತಾಯಿ ಏನು ಬೇಕಾದರೂ ಹೇಳುತ್ತಾಳೆ ಎಂದರು.

"ಇದ್ರಲ್ಲಿ ಉಳಿಸೋದು ಏನಿದೆ? ಉಳಿಸ್ಬೇಕು ಅಂತಿದ್ರೆ ಸುಮ್ನಿರ್ತಿದ್ದೆ. ಸುಮ್ನೆ ಇದ್ದೆ ಕೂಡ."

"ಆ ದಿನವೇ ತಿಂದ್ರು ಅಂತ ಹೇಗೆ ಹೇಳ್ತೀರಿ?"

ಅವ್ವ ನನ್ನ ಕಡೆ ನೋಡಲಿಲ್ಲ. "ಸಂಜೆ ಬಂದು ಕಾಫಿ ಕುಡ್ದ, ನೆಟ್ಟಗೇ ಇದ್ದ. ದೀಪ ಹಚ್ಚೋ ಹೊತ್ತಿಗೆ ಯೋಗರಾಜ ಬಂದು, ವಿಷ ಅಂದ. ಇವನು ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕ್ಕೊಂಡ. ಆಮೇಲೆ ಹೋಗಿ ಮಲಗಿಬಿಟ್ಟ, ನೀರು ಹುಯ್ಯೋದಕ್ಕೂ ಕೈಲಾಗ್ಲಿಲ್ಲ. ಸೊಸೆಗೆ ಕಾಣಬಾರ್ದು ಅಂತ ನಾನೇ ಬಳಿದೆ. ಅದರಲ್ಲಿ ಮೀನಿನ ಮುಳ್ಳಿತ್ತು. ಈ ಕೈಯಲ್ಲೇ ಎತ್ತಿ ಎಸೆದೆ."

ಬಲಗೈ ಮುಂದೆ ಚಾಚಿದಳು, ಲಿಂಗಪೂಜೆ ಮಾಡುವ ಕೈ. ಕೋರ್ಟಿನಲ್ಲಿ ಯಾರೂ ನಗಲಿಲ್ಲ.

ಅದನ್ನು ನಾನು ಇಲ್ಲಿ ಕೂಡ ಬರೆದಿರಲಿಲ್ಲ. ಒಬ್ಬರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು, ಹಾಲಿನ ಪಾತ್ರೆ ಹಿಡಿದುಕೊಂಡು ಎದುರಿಗೇ ಕೂತಿದ್ದವಳು ಅವಳು. ವಿಷವಿದ್ದಿದ್ದರೆ ಸಂಜೆಯವರೆಗೆ ಕಾಫಿ ಕುಡಿದುಕೊಂಡು ಇರುತ್ತಿರಲಿಲ್ಲ, ಡಾಕ್ಟರ ಹೇಳಿಕೆಯೇ ಹಾಗಿದೆ ಎಂದು ಉಮಾಮಹೇಶ್ವರ ಕಾಗದ ತೋರಿಸಿದ. ನನಗೆ ಸರಿಯಾಗಿ ಕೇಳಿಸಲಿಲ್ಲ.

ವಾಪಸ್ ಬರುವಾಗ ಆಟೊದಲ್ಲಿ ಪುಷ್ಪ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. "ಬರೀ ಮೀನಾ!" ಎಂದಳು. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಅವ್ವ ಹೇಳಿದ್ದು ಇಷ್ಟೇ: "ಮೀನು ತಿಂದದ್ದಕ್ಕೆ ಶಿವನ ಹತ್ರ ನೀನು ಮಾತಾಡ್ಕೋ. ಆ ಹುಡುಗಿನ ಜೈಲಲ್ಲಿ ಬಿಟ್ಟು ದಿನಾ ನನ್ನ ಎದುರು ವಿಭೂತಿ ಹಚ್ಕೊಂಡ್ಯಲ್ಲ ಮುರುಗೇಶಿ, ಅದು ನನಗೆ ಆಗ್ಲಿಲ್ಲ. ನನಗೂ ಗೊತ್ತಿತ್ತಲ್ಲ, ನಾನೂ ಹಚ್ಕೊಂಡೆ."

ಭಾನುವಾರ, 3 ಅಕ್ಟೋಬರ್

ಯೋಗರಾಜ್ ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದಿಲ್ಲ. ಊಟದ ಮೇಲಿನ ಟೀ ವಿಷಯ ಅವನನ್ನೇ ಕೇಳಿಬಿಡೋಣ ಎಂದು ಮೊನ್ನೆ ಎರಡು ಸಲ ಬಾಯಿಗೆ ಬಂತು. ಕೇಳಿದರೆ ನಾಳೆ ಪೇಪರಿನಲ್ಲಿ ಅವನ ಮದುವೆ ಫೋಟೊ ಬರುತ್ತದೆ. ಕೇಳಲಿಲ್ಲ.

ಕ್ಯಾಂಟೀನಿನಲ್ಲಿ ನಮ್ಮ ಮೇಜಿನವರು ನನಗೆ ಜಾಗ ಬಿಡುತ್ತಿಲ್ಲ. ಗೇಟಿನಾಚೆ ಉಣ್ಣುವವರೂ ಕರೆಯುವುದಿಲ್ಲ. ಹೊಂಗೆ ಮರದ ಕೆಳಗೆ ಕೂತು ರೊಟ್ಟಿ ತಿಂದೆ.

ಬುಧವಾರ, 20 ಅಕ್ಟೋಬರ್

ಶೀಲಾ ಬಿಡುಗಡೆಯಾದಳು. ಊಟದಲ್ಲಿ ವಿಷವಿತ್ತು ಎಂಬುದು ಸಾಬೀತಾಗಿಲ್ಲ ಎಂದು ನ್ಯಾಯಾಧೀಶರು ಓದಿದರು. ಹೊರಗೆ ಜನ ಕರಗಲಿಲ್ಲ. "ಸಾಕ್ಷಿ ಕೊಂಡ್ಕೊಂಡ್ರು" ಎಂದ ಒಬ್ಬ. "ಮೇಲೊಬ್ಬ ಇದಾನೆ ನೋಡ್ಕೊಳ್ಳೋಕೆ" ಎಂದಳು ಒಬ್ಬಾಕೆ. ಹುಲಿಗೆಮ್ಮ ಮೆಟ್ಟಿಲ ಮೇಲೆ ಕೂತು ಮಣ್ಣು ತೂರುತ್ತಿದ್ದಳು. ಅವಳ ಮಗ ಹೇಗೆ ಸತ್ತ ಎಂದು ಅವಳಿಗೆ ಇನ್ನು ಯಾರೂ ಹೇಳುವುದಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಾನು ಹಿಂದಿನ ಗೇಟಿನಿಂದ ಜಾರಿಕೊಳ್ಳುತ್ತಿದ್ದೆ. ಅಲ್ಲೇ ಆಟೊ ನಿಲ್ಲಿಸಿ ಅವಳ ಅಣ್ಣ ಅವಳನ್ನು ಹತ್ತಿಸುತ್ತಿದ್ದ. ನನ್ನನ್ನು ಕಂಡು ಅವಳು ಇಳಿದಳು. ಬೈಯುತ್ತಾಳೆ, ಬೈಯಲಿ ಎಂದು ನಿಂತೆ. ಕಾಲಿಗೆ ಬಿದ್ದರೆ ಏನು ಮಾಡುವುದು ಎಂಬ ಹೆದರಿಕೆಯೂ ಇತ್ತು. ಎರಡೂ ಮಾಡಲಿಲ್ಲ.

"ಸಾರ್, ಅವತ್ತು ಸಾರು ಹೇಗಿತ್ತು?" ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಒಂದೂವರೆ ವರ್ಷ ಊರೆಲ್ಲ ಆ ಸಾರಿನಲ್ಲಿ ಏನಿತ್ತು ಎಂದು ಕೇಳಿತ್ತು, ನಾನೂ ಕೇಳಿಕೊಂಡಿದ್ದೆ. ಹೇಗಿತ್ತು ಎಂದು ಯಾರೂ ಕೇಳಿರಲಿಲ್ಲ.

"ಅವರೇನಾದ್ರೂ ಅಂದ್ರಾ?"

"ಹುಳಿ ಸ್ವಲ್ಪ ಮುಂದಾಗಿದೆ ಅಂದ" ಎಂದೆ. "ಆದ್ರೂ ಅನ್ನಕ್ಕೆ ಇನ್ನೊಂದ್ಸಲ ಹಾಕ್ಕೊಂಡ. ಡಬ್ಬಿನ ಬೆರಳಲ್ಲಿ ಬಳಿದು ತಿಂದ."

ಅವಳು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಹೊಸ ಹುಣಸೆಹಣ್ಣು ಸಾರ್ ಅದು. ಕಿವುಚುವಾಗ್ಲೇ ಅಂದ್ಕೊಂಡೆ, ಜಾಸ್ತಿಯಾಯ್ತೇನೋ ಅಂತ" ಎಂದಳು. ಅಣ್ಣ ಕರೆದ. ಹೋಗಿ ಆಟೊ ಹತ್ತಿದಳು.